ಮಧ್ಯಾಹ್ನ ಮೂರಕ್ಕೆ ಯಾವ ಊರಿನಲ್ಲಿರಬೇಕು?

ಸುಂಟರಗಾಳಿಯ ಬೆನ್ನು ಹತ್ತುವುದು ನನ್ನ ಕೆಲಸ ಎಂದರೆ ಜನ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಚಳ್ಳಕೆರೆಯಲ್ಲಿರುವ ನಮ್ಮ ಅಮ್ಮನಿಗಂತೂ ಇದಕ್ಕೆ ಯಾರೋ ದುಡ್ಡು ಕೊಡುತ್ತಾರೆ ಎಂಬುದು ಇಂದಿಗೂ ನಂಬಿಕೆಯಿಲ್ಲ. ವಾತಾವರಣ ವಿಜ್ಞಾನ ಓದಲೆಂದು ಅಮೆರಿಕದ ಒಕ್ಲಹೋಮಾ ರಾಜ್ಯದ ನಾರ್ಮನ್‌ಗೆ ಬಂದೆ. ಓದು ಮುಗಿದ ಮೇಲೂ ಈ ಬಯಲು ಬಿಡಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಒಂದು ಸಣ್ಣ ಪ್ರವಾಸಿ ತಂಡಕ್ಕೆ ಮುನ್ಸೂಚನೆ ಹೇಳುವುದು, ವ್ಯಾನ್ ಓಡಿಸುವುದು ನನ್ನ ಪಾಲಿಗೆ. ಹತ್ತು ದಿನ, ಹತ್ತು ಹನ್ನೆರಡು ಅತಿಥಿಗಳು, ಐದಾರು ಸಾವಿರ ಕಿಲೋಮೀಟರ್. ಇದರಲ್ಲಿ ಬೆನ್ನು ಹತ್ತುವ ಹೊತ್ತು ಬಹಳ ಕಡಿಮೆ. ಉಳಿದದ್ದೆಲ್ಲ ಪೆಟ್ರೋಲ್ ಬಂಕಿನ ಸಪ್ಪೆ ಕಾಫಿ ಕುಡಿಯುತ್ತಾ ಕಾಯುವುದು.

ಊರಿನಲ್ಲಿ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಮಳೆ ಎಣಿಸುವ ದಿನಗಳೇ ಇಲ್ಲಿಯ ಹಂಗಾಮು. ಮೇ ಮೊದಲಲ್ಲಿ ಟೆಕ್ಸಾಸ್, ಒಕ್ಲಹೋಮಾ. ತಿಂಗಳ ಕೊನೆಗೆ ಕಾನ್ಸಾಸ್. ಜೂನ್ ಹೊತ್ತಿಗೆ ನೆಬ್ರಾಸ್ಕ, ಸೌತ್ ಡಕೋಟ. ಆಕಾಶದ ಮೇಲ್ಮಟ್ಟದಲ್ಲಿ ಓಡುವ ಬಿರುಗಾಳಿಯ ಹೊಳೆ ಬೇಸಿಗೆ ಬಲಿತಂತೆ ಉತ್ತರಕ್ಕೆ ಸರಿಯುತ್ತದೆ, ನಾವೂ ಅದರ ಹಿಂದೆಯೇ ಸರಿಯುತ್ತೇವೆ.

2016ರ ಮೇ ತಿಂಗಳ ಪ್ರವಾಸಕ್ಕೆ ಧಾರವಾಡದ ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಬಂದಿದ್ದರು. ಮಗಳ ಮನೆಗೆಂದು ಅಮೆರಿಕಕ್ಕೆ ಬಂದವರು, ಮಗಳು ಕೊಟ್ಟ ಉಡುಗೊರೆಯಾಗಿ ನಮ್ಮ ವ್ಯಾನ್ ಹತ್ತಿದ್ದರು. ಮೊದಲ ದಿನವೇ ಕೇಳಿದರು: “ನಮ್ಮ ಕಡೆ ಮೋಡ ಬರಲಿ ಎಂದು ಜನ ಕೈಮುಗಿದು ಕಾಯುತ್ತಾರೆ. ನೀವೇನು, ದುಡ್ಡು ಕೊಟ್ಟು ಅದರ ಹಿಂದೆ ಓಡುತ್ತೀರಲ್ಲ?” ಉತ್ತರ ಹೇಳುವ ಬದಲು ಮರುದಿನ ಬೆಳಿಗ್ಗೆ ಆರೂವರೆಗೆ ಮೋಟೆಲ್‌ನ ಮುಂಗೋಣೆಗೆ ಬನ್ನಿ ಎಂದೆ. ಅಂದಿನಿಂದ ಪ್ರವಾಸ ಮುಗಿಯುವವರೆಗೆ ಅವರು ನನಗಿಂತ ಮೊದಲೇ ಬಂದು ಕೂತಿರುತ್ತಿದ್ದರು.

ಬೆಳಗಿನ ಕೆಲಸ ನಾನು ಮಾಡುವ ರೀತಿ ಸ್ವಲ್ಪ ಹಳೆಯದು. ಕಂಪ್ಯೂಟರ್ ಮಾದರಿಗಳನ್ನು ನೋಡುವ ಮೊದಲು ಹವಾ ಕೇಂದ್ರಗಳ ಅಂಕಿಗಳಿರುವ ಖಾಲಿ ನಕ್ಷೆ ಮುದ್ರಿಸಿಕೊಂಡು ಬಣ್ಣದ ಪೆನ್ಸಿಲ್ ಹಿಡಿಯುತ್ತೇನೆ. ಗಾಳಿಯಲ್ಲಿನ ತೇವವನ್ನು ಹೇಳುವ ಇಬ್ಬನಿ ಬಿಂದು 55, 60, 65 ಡಿಗ್ರಿ ಫ್ಯಾರನ್‌ಹೀಟ್ ಇರುವ ಊರುಗಳನ್ನು ಹಸಿರು ಗೆರೆಯಲ್ಲಿ ಜೋಡಿಸುತ್ತೇನೆ. ಮೆಕ್ಸಿಕೊ ಕೊಲ್ಲಿಯಿಂದ ಹಸಿಗಾಳಿ ರಾತ್ರಿ ಎಷ್ಟು ದೂರ ಬಂದಿದೆ ಎಂಬುದು ಆ ಗೆರೆಗಳಲ್ಲಿ ಕಾಣುತ್ತದೆ. ಪಶ್ಚಿಮದಲ್ಲಿ ಒಂದು ಕಡೆ ಗೆರೆಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅದರಾಚೆ ನ್ಯೂ ಮೆಕ್ಸಿಕೊ ಕಡೆಯ ಮರಳುಗಾಡಿನ ಒಣಗಾಳಿ. ಅಲ್ಲಿ ಕಂದು ಗೆರೆ. ಐವತ್ತು ಕಿಲೋಮೀಟರ್ ಅಂತರದಲ್ಲಿ ಒಂದು ಊರಿನಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ, ಇನ್ನೊಂದರಲ್ಲಿ ತುಟಿ ಒಡೆಯುತ್ತದೆ. ಆ ಕಂದು ಗೆರೆಯ ಮೇಲೆಯೇ ಮಧ್ಯಾಹ್ನದ ಮೊದಲ ಮೋಡ ಏಳುವುದು.

ಪೆನ್ಸಿಲ್ ಏಕೆ ಎಂದು ಅತಿಥಿಗಳು ನಗುತ್ತಾರೆ, ನಗಲಿ. ಗಂಟೆಗೊಮ್ಮೆ ಹೊಸದಾಗಿ ಬರುವ, ಮೂರು ಕಿಲೋಮೀಟರಿಗೊಂದು ಚುಕ್ಕೆ ಇಟ್ಟು ಲೆಕ್ಕ ಹಾಕುವ ಮಾದರಿ ಇದೆ. ಸಂಜೆ ಆರಕ್ಕೆ ಇಂಥ ಊರಿನ ಮೇಲೆ ಮೋಡ ಎಂದು ಆಣೆ ಇಟ್ಟು ಹೇಳಿದಂತೆ ತೋರಿಸುತ್ತದೆ. ಮುಂದಿನ ಗಂಟೆ ಅದೇ ಮೋಡವನ್ನು ಮೂರು ಜಿಲ್ಲೆ ಆಚೆ ತೋರಿಸುತ್ತದೆ, ಮತ್ತೆ ಅದೇ ಧೈರ್ಯದಿಂದ. ಕೈಯಿಂದ ಗೆರೆ ಎಳೆದವರಿಗೆ ಅದರಲ್ಲಿ ಯಾವುದನ್ನು ನಂಬಬೇಕು ಎಂಬ ಅಂದಾಜಾದರೂ ಇರುತ್ತದೆ.

ನಂತರ ಮೇಲಿನ ಗಾಳಿಯ ಬಿಸಿ, ತೇವ ಅಳೆಯುವ ಬೆಳಗಿನ ಬಲೂನುಗಳ ವರದಿ. ನಾರ್ಮನ್, ಅಮರಿಲೊ, ಡಾಡ್ಜ್ ಸಿಟಿಗಳಿಂದ ದಿನಕ್ಕೆರಡು ಬಾರಿ ಹಾರಿಸುತ್ತಾರೆ. ಬೆಳಿಗ್ಗೆ ಏಳರ ವರದಿಯಲ್ಲಿ ನಾನು ಮೊದಲು ಹುಡುಕುವುದು ಮುಚ್ಚಳವನ್ನು. ಮೆಕ್ಸಿಕೊದ ಪ್ರಸ್ಥಭೂಮಿಯ ಮೇಲೆ ಕಾದ ಗಾಳಿ ಇಲ್ಲಿಗೆ ಬರುವಾಗ ಹಸಿಗಾಳಿಯ ತಲೆಯ ಮೇಲೆ ಹಾಸಿಕೊಳ್ಳುತ್ತದೆ. ಕೆಳಗಿನ ಗಾಳಿ ಎಷ್ಟು ಕಾದರೂ ಮೇಲೇಳಲು ಬಿಡುವುದಿಲ್ಲ. ಮುಚ್ಚಳವೇ ಇಲ್ಲದಿದ್ದರೆ ಹನ್ನೊಂದು ಗಂಟೆಗೇ ಎಲ್ಲ ಕಡೆ ಪುಡಿ ಮಳೆ ಬಿದ್ದು ಶಕ್ತಿಯೆಲ್ಲ ಸೋರಿಹೋಗುತ್ತದೆ. ಮುಚ್ಚಳ ಹದವಾಗಿದ್ದರೆ ಕುಕ್ಕರಿನಂತೆ ಆವಿ ಸೇರುತ್ತಾ ಹೋಗಿ ಸಂಜೆ ಒಂದೇ ಕಡೆ ಕೂಗುತ್ತದೆ. ಬಹಳ ಬಿಗಿಯಾಗಿದ್ದರೆ ಕೂಗುವುದೇ ಇಲ್ಲ. ನನ್ನ ಒರಟು ಲೆಕ್ಕ ಇದು: ಸಮುದ್ರ ಮಟ್ಟದಿಂದ ಸುಮಾರು ಮೂರು ಕಿಲೋಮೀಟರ್ ಎತ್ತರದಲ್ಲಿ ಗಾಳಿ 12 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅನುಮಾನ ಪಡು. ಜೂನ್‌ನಲ್ಲಿ ಲೆಕ್ಕ ಸಡಿಲಿಸುತ್ತೇನೆ. ಮೇಷ್ಟ್ರು ಇದನ್ನು ಪುಸ್ತಕದಲ್ಲಿ ಬರೆದುಕೊಂಡು “ಹನ್ನೆರಡು” ಎಂಬುದಕ್ಕೆ ಎರಡು ಗೆರೆ ಎಳೆದರು.

ಮೂರನೆಯದು ಗಾಳಿಯ ತಿರುವು. ನೆಲದ ಮೇಲೆ ಆಗ್ನೇಯದಿಂದ ಬೀಸಿ, ಆರು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಬೀಸಬೇಕು. ಎರಡಕ್ಕೂ ಗಂಟೆಗೆ ಎಪ್ಪತ್ತು ಎಪ್ಪತ್ತೈದು ಕಿಲೋಮೀಟರಿನಷ್ಟು ವ್ಯತ್ಯಾಸ ಇರಬೇಕು. ಆಗ ಮೋಡ ವಾಲಿ ನಿಲ್ಲುತ್ತದೆ, ಬುಗುರಿಯಂತೆ ತಿರುಗಲು ತೊಡಗುತ್ತದೆ, ಸೂಪರ್‌ಸೆಲ್ ಆಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಎಷ್ಟೇ ಎತ್ತರಕ್ಕೆ ಬೆಳೆದರೂ ಸಾಮಾನ್ಯವಾಗಿ ಈ ತಿರುವು ಸಾಲದು. ತಾನು ಸುರಿಸಿದ ಮಳೆ ತನ್ನ ಬುಡಕ್ಕೇ ಬಿದ್ದು ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. “ಹಾಗಾದರೆ ಭಾರತದಲ್ಲಿ ಇಲ್ಲವೇ ಇಲ್ಲವೇ?” ಎಂದು ಮೇಷ್ಟ್ರು ಕೇಳಿದರು. ಬಂಗಾಳದ ಕಡೆ ಇದೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ ಎದ್ದ ಸುಂಟರಗಾಳಿ ಸುಮಾರು 1,300 ಜನರನ್ನು ಬಲಿ ತೆಗೆದುಕೊಂಡಿತು. ಸಾವಿನ ಲೆಕ್ಕದಲ್ಲಿ ಲೋಕದಲ್ಲೇ ಅದು ಮೊದಲನೆಯದು. ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಷ್ಟಾದ ಮೇಲೆ ನಾರ್ಮನ್‌ನಲ್ಲಿರುವ ಸರ್ಕಾರಿ ಬಿರುಮಳೆ ಮುನ್ಸೂಚನೆ ಕೇಂದ್ರ, ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್, ಏನು ಹೇಳಿದೆ ಎಂದು ಓದುತ್ತೇನೆ. ಅವರು ಅಪಾಯವನ್ನು ಐದು ಮೆಟ್ಟಿಲುಗಳಲ್ಲಿ ಬಣ್ಣ ಹಚ್ಚಿ ತೋರಿಸುತ್ತಾರೆ. ಅತಿಥಿಗಳಿಗೆ ಬಣ್ಣ ಮುಖ್ಯ. ಕೆಂಪು ಕಂಡರೆ ಮುಖ ಅರಳುತ್ತದೆ. ನನಗೆ ಬಣ್ಣಕ್ಕಿಂತ ಕೆಳಗಿನ ಬರಹ ಮುಖ್ಯ, ಏಕೆಂದರೆ ಬರೆದವರ ಅನುಮಾನ ಅಲ್ಲಿ ಕಾಣುತ್ತದೆ. ಅಲ್ಲದೆ ಕೆಂಪು ದಿನಗಳಲ್ಲಿ ಹತ್ತಾರು ಮೋಡಗಳು ಒಟ್ಟಿಗೆ ಎದ್ದು ಒಂದನ್ನೊಂದು ಹಾಳು ಮಾಡುತ್ತವೆ, ರಸ್ತೆಯಲ್ಲಿ ಜಾತ್ರೆಯಷ್ಟು ವಾಹನ. ಎರಡನೇ ಮೆಟ್ಟಿಲಿನ ದಿನ, ಒಂಟಿ ಮೋಡ, ನಿಧಾನ ನಡಿಗೆ: ನಾನು ಬೇಡಿಕೊಳ್ಳುವುದು ಅದನ್ನು.

ಎಲ್ಲ ನೋಡಿದ ಮೇಲೆ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಮಧ್ಯಾಹ್ನ ಮೂರಕ್ಕೆ ಯಾವ ಊರಿನಲ್ಲಿರಬೇಕು? ಬೆಳಿಗ್ಗೆ ಹತ್ತರೊಳಗೆ ಇದಕ್ಕೆ ಉತ್ತರ ಹೇಳಿ ವ್ಯಾನ್ ಹೊರಡಿಸಬೇಕು. ಆ ಊರಿಗೆ ನಾಲ್ಕು ದಿಕ್ಕಿಗೂ ಟಾರು ರಸ್ತೆ ಇರಬೇಕು, ಪೆಟ್ರೋಲ್ ಇರಬೇಕು, ಹನ್ನೆರಡು ಜನರಿಗೆ ಶೌಚಾಲಯ ಇರಬೇಕು. ಕೊನೆಯದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಆ ಟಾರು ರಸ್ತೆಯ ಮಾತಿಗೆ ನಾನೇ ತಪ್ಪಿದ್ದೂ ಉಂಟು. ಮೇ 23ರಂದು ಟೆಕ್ಸಾಸ್‌ನ ಉತ್ತರದ ಮೂಲೆಯಲ್ಲಿ ಮೋಡಕ್ಕೆ ಹತ್ತಿರವಾಗುವ ಆಸೆಗೆ ಮಣ್ಣು ರಸ್ತೆಗೆ ತಿರುಗಿಸಿದೆ. ಕೆಂಪು ಜೇಡಿ, ಆಗಷ್ಟೇ ಮಳೆ ಬಿದ್ದಿತ್ತು. ಹಿಂದಿನ ಸೀಟಿನಿಂದ ಮೇಷ್ಟ್ರು, “ನೋಡಪ್ಪಾ, ಇದು ನಮ್ಮ ಎರೆಹೊಲದ ರಸ್ತೆ ಇದ್ದ ಹಾಗಿದೆ. ಗಾಡಿ ಇಳಿಸಬೇಡ” ಎಂದರು. ನಕ್ಷೆಯಲ್ಲಿ ಎರಡೇ ಮೈಲಿ ಇದೆ, ಏನೂ ಆಗುವುದಿಲ್ಲ ಎಂದೆ. ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಚಕ್ರಗಳಿಗೆ ಕಡುಬಿನ ಹಿಟ್ಟಿನಂತೆ ಮಣ್ಣು ಮೆತ್ತಿಕೊಂಡು ವ್ಯಾನ್ ಅಡ್ಡಡ್ಡ ಜಾರಿ ಚರಂಡಿಗೆ ವಾಲಿತು. ಮೋಡ ಪೂರ್ವಕ್ಕೆ ಹೋಯಿತು, ನಾವು ಅದರ ಬೆನ್ನನ್ನು ನೋಡುತ್ತಾ ನಿಂತೆವು. ಒಬ್ಬ ರೈತ ಟ್ರ್ಯಾಕ್ಟರ್ ತಂದು ಎಳೆದು, ಕೊಟ್ಟ ಹಣವನ್ನು ಮುಟ್ಟದೆ ಹೋದ. ಮೇಷ್ಟ್ರು ಒಂದು ಮಾತನ್ನೂ ಆಡದೆ ಕಡ್ಡಿಯಿಂದ ಬೂಟಿನ ಮಣ್ಣು ಕೆರೆಯುತ್ತಿದ್ದರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಮೇ 24ರ ಬೆಳಿಗ್ಗೆ ನಕ್ಷೆಯಲ್ಲಿ ಕಂದು ಗೆರೆ ಕಾನ್ಸಾಸ್‌ನ ನೈಋತ್ಯ ಮೂಲೆ ದಾಟುತ್ತಿತ್ತು. ಅದಕ್ಕೆ ಅಡ್ಡವಾಗಿ ಇನ್ನೊಂದು ತೆಳು ಗೆರೆ ಎಳೆದೆ. ಹಿಂದಿನ ರಾತ್ರಿಯ ಗುಡುಗು ಮಳೆ ಬಿಟ್ಟುಹೋದ ತಂಪು ಗಾಳಿಯ ಅಂಚು ಅಲ್ಲಿದೆ ಎಂದು ನನ್ನ ಊಹೆ. ಎರಡೂ ಸೇರುವ ಕಡೆಯ ಹತ್ತಿರ ಮಿನಿಯೋಲ ಎಂಬ ಪುಟ್ಟ ಊರು, ಎರಡು ಹೆದ್ದಾರಿಗಳ ಕೂಡುರಸ್ತೆ. ಮೂರರ ಹೊತ್ತಿಗೆ ಅಲ್ಲಿದ್ದೆವು. ನಾಲ್ಕಾಯಿತು. ಒಲೆಯ ಹೊಗೆಯಂತೆ ಸಣ್ಣ ಮೋಡಗಳು ಏಳುವುದು, ಮುಚ್ಚಳಕ್ಕೆ ತಲೆ ತಾಗಿ ಕರಗುವುದು. ಅತಿಥಿಗಳು ನನ್ನ ಮುಖ ನೋಡುವುದನ್ನು ಬಿಟ್ಟಿದ್ದರು. ಅದು ಒಳ್ಳೆಯ ಲಕ್ಷಣವಲ್ಲ. ಇಂಥ ಹೊತ್ತಿನಲ್ಲೇ ಬೇರೆ ಊರಿಗೆ ಓಡುವ ಚಪಲ ಹತ್ತುತ್ತದೆ. ನಾನು ಹಾಳುಮಾಡಿಕೊಂಡ ದಿನಗಳಲ್ಲಿ ಅರ್ಧ ಈ ನಾಲ್ಕು ಗಂಟೆಯ ಚಪಲದಿಂದಲೇ ಹಾಳಾದವು. ಅಂದು ಕದಲಲಿಲ್ಲ, ಧೈರ್ಯದಿಂದಲ್ಲ, ಹಿಂದಿನ ದಿನದ ಕೆಸರಿನ ನೆನಪಿನಿಂದ.

ಒಂದು ಮೋಡ ಕರಗಲಿಲ್ಲ. ಅಂಚು ಹೂಕೋಸಿನಂತೆ ಗಟ್ಟಿಯಾಗಿ, ನೋಡನೋಡುತ್ತಲೇ ತಲೆ ಕಮ್ಮಾರನ ಅಡಿಗಲ್ಲಿನಂತೆ ಹರಡಿಕೊಂಡಿತು. ನಾವು ಅದರ ಆಗ್ನೇಯಕ್ಕೆ, ನಾಲ್ಕೈದು ಕಿಲೋಮೀಟರ್ ದೂರ ಇಟ್ಟುಕೊಂಡು ಡಾಡ್ಜ್ ಸಿಟಿಯ ದಿಕ್ಕಿಗೆ ಉತ್ತರಕ್ಕೆ ಸರಿಯುತ್ತಾ ಹೋದೆವು. ಆಗ್ನೇಯ ಏಕೆಂದರೆ ಆಲಿಕಲ್ಲು, ಮಳೆಗಳು ಸಾಮಾನ್ಯವಾಗಿ ಮೋಡದ ಮುಂದೆ, ಉತ್ತರ ಮಗ್ಗುಲಿಗೆ ಬೀಳುತ್ತವೆ. ತಿರುಗುವ ಬುಡ ಈ ಕಡೆಯಿಂದ ತೆರೆದು ಕಾಣುತ್ತದೆ, ತಪ್ಪಿಸಿಕೊಳ್ಳಲು ದಕ್ಷಿಣದ ದಾರಿಯೂ ಇರುತ್ತದೆ. ವ್ಯಾನ್ ನಿಲ್ಲಿಸಿ ಇಳಿದಾಗ ಮೊದಲು ಕೇಳಿಸಿದ್ದು ಗುಡುಗಲ್ಲ, ಬೇಲಿ ಕಂಬದ ಮೇಲೆ ಕೂತು ಹಾಡುತ್ತಿದ್ದ ಒಂದು ಹಕ್ಕಿ. ಬೆನ್ನಿಗೆ ಬೆಚ್ಚನೆಯ ಗಾಳಿ. ಗೋಧಿ ಹೊಲದ ತೆನೆಗಳೆಲ್ಲ ಮೋಡದ ಕಡೆಗೇ ಬಾಗಿದ್ದವು, ಯಾರೋ ತಲೆ ಹಿಡಿದು ಬಗ್ಗಿಸಿದ ಹಾಗೆ.

ಆಕಾಶದಿಂದ ಸೊಂಡಿಲು ಇಳಿಯುತ್ತದೆ ಎಂದು ಎಲ್ಲರೂ ಮೇಲೆ ನೋಡುತ್ತಿದ್ದರು. ಮೊದಲು ಎದ್ದದ್ದು ನೆಲದ ದೂಳು. ನಮ್ಮ ಹೊಲಗಳಲ್ಲಿ ಬೇಸಿಗೆಯಲ್ಲಿ ಸುತ್ತುವ ಸುಳಿಗಾಳಿಯಷ್ಟೇ. ಒಂದು ನಿಮಿಷದಲ್ಲಿ ಅದಕ್ಕೂ ಮೋಡಕ್ಕೂ ನಡುವೆ ಬೂದು ಬಣ್ಣದ ಕಂಬ ತುಂಬಿಕೊಂಡಿತು. ಸದ್ದಿಲ್ಲ. ನೋಡುತ್ತಿದ್ದಂತೆ ಅದರ ಪಕ್ಕಕ್ಕೆ ಇನ್ನೊಂದು. ಮೇಷ್ಟ್ರು ಬಲಗೈಯ ಎರಡು ಬೆರಳು ಎತ್ತಿ ನನಗೆ ತೋರಿಸಿದರು, ಬಾಯಿಂದ ಮಾತು ಬರಲಿಲ್ಲ. ಅವರ ಟೋಪಿ ಆಗಲೇ ಗೋಧಿಯ ಮೇಲೆ ಹಾರಿ ಸುಂಟರಗಾಳಿಯ ದಿಕ್ಕಿಗೆ ಹೊರಟಿತ್ತು. ಅಂದು ಆ ಒಂದೇ ಮೋಡ ಡಾಡ್ಜ್ ಸಿಟಿಯ ಸುತ್ತ ಹತ್ತಕ್ಕೂ ಹೆಚ್ಚು ಸುಂಟರಗಾಳಿಗಳನ್ನು ಹೆತ್ತಿತು.

ಇನ್ನೂ ಹತ್ತಿರ ಹೋಗೋಣ ಎಂದು ಒಬ್ಬ ಅತಿಥಿ ಹಟ ಹಿಡಿದ. ಹಣ ಕೊಟ್ಟವರು ಹೀಗೆ ಕೇಳುವುದು ಸಹಜ. ನಾನು ಫೋನಿನ ರೇಡಾರ್ ಚಿತ್ರ ತೋರಿಸಿದೆ: ಅದು ಐದು ನಿಮಿಷ ಹಿಂದಿನದು, ಗಂಟೆಗೆ ಐವತ್ತು ಕಿಲೋಮೀಟರ್ ನಡೆಯುವ ಮೋಡ ಅಷ್ಟರಲ್ಲಿ ನಾಲ್ಕು ಕಿಲೋಮೀಟರ್ ಸರಿದಿರುತ್ತದೆ. 2013ರ ಮೇ 31ರ ಸಂಜೆ ಒಕ್ಲಹೋಮಾದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ ನೋಡುತ್ತಿದ್ದಂತೆ ದಿಕ್ಕು ಬದಲಿಸಿ, ವೇಗ ಹೆಚ್ಚಿಸಿಕೊಂಡು, 4.2 ಕಿಲೋಮೀಟರ್ ಅಗಲಕ್ಕೆ ಉಬ್ಬಿತು. ಸುಂಟರಗಾಳಿ ಸಂಶೋಧಕ ಟಿಮ್ ಸಮಾರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದರಲ್ಲಿ ತೀರಿಕೊಂಡರು. ಸಮಾರಾಸ್ ಹುಡುಗಾಟಿಕೆಯವರಲ್ಲ, 2003ರಲ್ಲಿ ಸೌತ್ ಡಕೋಟದ ಮ್ಯಾಂಚೆಸ್ಟರ್ ಬಳಿ ಸುಂಟರಗಾಳಿಯ ದಾರಿಯಲ್ಲಿ ಉಪಕರಣವಿಟ್ಟು 100 ಮಿಲಿಬಾರ್ ಒತ್ತಡ ಕುಸಿದದ್ದನ್ನು ಅಳೆದವರು. ಎಲ್ ರೀನೊ ದಿನ ನಾನು ನಾರ್ಮನ್‌ನಲ್ಲಿ ರೇಡಾರ್ ಮುಂದೆ ಕೂತಿದ್ದೆ. ಅಂದಿನಿಂದ ಮಳೆಯ ಪರದೆಯೊಳಗೆ ನುಗ್ಗುವುದಿಲ್ಲ, ಕತ್ತಲಾದ ಮೇಲೆ ನಿಲ್ಲುವುದಿಲ್ಲ, ತಪ್ಪಿಸಿಕೊಳ್ಳಲು ಎರಡು ದಾರಿ ಇಲ್ಲದ ಕಡೆ ವ್ಯಾನ್ ಒಯ್ಯುವುದಿಲ್ಲ. ನನ್ನ ನಿಯಮ ಅತಿಯಾಯಿತು ಎನ್ನುವವರಿದ್ದರು. 2019ರ ಮೇ 28ರಂದು ಕಾನ್ಸಾಸ್‌ನ ಲಾರೆನ್ಸ್ ಬಳಿ ಪ್ರವಾಸಿ ವ್ಯಾನುಗಳೇ ಸುಂಟರಗಾಳಿಗೆ ಸಿಕ್ಕಿ ಮಗುಚಿದ ಮೇಲೆ ಆ ಮಾತು ಕಡಿಮೆಯಾಗಿದೆ.

ಮರುದಿನ ಪೂರ್ವಕ್ಕೆ ಹೊರಟಾಗ ದಾರಿಯಲ್ಲಿ ಗ್ರೀನ್ಸ್‌ಬರ್ಗ್ ಸಿಕ್ಕಿತು. 2007ರ ಮೇ 4ರ ರಾತ್ರಿ ಆ ಊರಿನ ಸುಮಾರು ಶೇ 95ರಷ್ಟು ಭಾಗ ನೆಲಸಮವಾಗಿತ್ತು. ಊರು ಮತ್ತೆ ಎದ್ದಿದೆ, ಆದರೆ ಬೀದಿಗಳಲ್ಲಿ ದೊಡ್ಡ ಮರ ಕಾಣುವುದು ಅಪರೂಪ. ಹಿಂದಿನ ಸಂಜೆಯ ಫೋಟೊಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದ ಅತಿಥಿಗಳು ಫೋನುಗಳನ್ನು ಜೇಬಿಗಿಟ್ಟರು.

ಅಂದು ನಾನು ಆರಿಸಿದ ಊರು ಪ್ರ್ಯಾಟ್. ಸುಂಟರಗಾಳಿ ಎದ್ದದ್ದು ಅಲ್ಲಿಂದ ಇನ್ನೂರು ಕಿಲೋಮೀಟರ್ ಈಶಾನ್ಯಕ್ಕೆ, ಚಾಪ್‌ಮನ್ ಬಳಿ. ಒಂದೂವರೆ ಗಂಟೆ ನೆಲ ಬಿಡಲಿಲ್ಲ. ನಮ್ಮ ತಲೆಯ ಮೇಲೆ ತೊಳೆದಿಟ್ಟಂಥ ನೀಲಿ ಆಕಾಶ. ಸಂಜೆ ಏಳಾದರೂ ಒಂದು ತುಣುಕು ಮೋಡವಿಲ್ಲ. ಮೇಷ್ಟ್ರು ಪೆಟ್ರೋಲ್ ಬಂಕಿನಲ್ಲಿ ಕೊಂಡ ಹೊಸ ಟೋಪಿ ಸರಿಮಾಡಿಕೊಂಡು, ನನ್ನ ಹಸಿರು ಗೆರೆಗಳ ನಕ್ಷೆಯಿಂದ ಗಾಳಿ ಬೀಸಿಕೊಳ್ಳುತ್ತಾ ಸುತ್ತ ನೋಡಿದರು.

“ಇಂಥ ಹೊತ್ತಿನಲ್ಲಿ ನಮ್ಮ ಊರಿನಲ್ಲಿ ಕತ್ತೆಗಳಿಗೆ ಮದುವೆ ಮಾಡುತ್ತಾರೆ. ಇಲ್ಲಿ ಕತ್ತೆ ಎಲ್ಲಿ ಸಿಗುತ್ತವೆ, ವಿಚಾರಿಸಪ್ಪಾ.”