ಡಯಾಪ್ಟರ್‌ನ ಒಂದು ಕ್ಲಿಕ್ ಎಷ್ಟಿರ್ಬೇಕು? ದುಡ್ಡು ಕೊಡೋ ಮುಂಚೆ ಈ ಲೆಕ್ಕ ಹಾಕ್ಕೊಳ್ಳಿ

ಟಾರ್ಗೆಟ್ ರೈಫಲ್‌ಗೆ ಹೊಸ ಡಯಾಪ್ಟರ್ (ಸಣ್ಣ ತೂತಿನ ಮೂಲಕ ಗುರಿ ನೋಡೋ ಹಿಂದಿನ ಸೈಟ್) ತಗೊಳ್ಳೋಕೆ ಹೊರಟ್ರೆ ಮೊದಲು ಎದುರಾಗೋ ಪ್ರಶ್ನೆ, ಗುಂಡು ಬೀಳೋ ಜಾಗ ಸರಿಪಡಿಸೋ ನಾಬ್ ಒಂದು ಸುತ್ತು ತಿರುಗಿದ್ರೆ 10 ಕ್ಲಿಕ್ ಆಗೋದು ಬೇಕಾ 20 ಆಗೋದು ಬೇಕಾ ಅಂತ. ತುಂಬಾ ಜನ ಯೋಚ್ನೇನೇ ಮಾಡದೆ 20 ಅಂದ್ಬಿಡ್ತಾರೆ, ಕ್ಲಿಕ್ ಸಣ್ಣದಾದಷ್ಟೂ ಸ್ಕೋರ್ ಜಾಸ್ತಿ ಅನ್ನೋ ನಂಬಿಕೆ. ಅದು ಅರ್ಧ ನಿಜ ಅಷ್ಟೇ. ಇನ್ನೂ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳು ಬಿದ್ದ ಗುಂಪು) ಕೂತಿಲ್ಲದವ್ರಿಗೆ ಅತೀ ಸಣ್ಣ ಕ್ಲಿಕ್ ಕೊಡೋದು ಒಣಮೆಣಸಿನಕಾಯಿ ತೂಗೋಕೆ ಅಕ್ಕಸಾಲಿಗನ ತಕ್ಕಡಿ ತಂದ ಹಾಗೆ.

ಮೊದಲು ಟಾರ್ಗೆಟ್‌ನ ಅಳತೆ ಗೊತ್ತಿರ್ಲಿ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಪೆಲೆಟ್ 4.5 ಮಿ.ಮೀ., ಪೆಲೆಟ್ ಅಂಚು ಚುಕ್ಕೆಗೆ ತಾಗಿದ್ರೂ ಹತ್ತು ಸಿಗುತ್ತೆ. ಅಂದ್ರೆ ನಡುಬಿಂದುವಿಂದ 2.5 ಮಿ.ಮೀ. ಒಳಗೆ ಬಿದ್ದದ್ದೆಲ್ಲ ಹತ್ತು, ಅದನ್ನೇ 10.0ರಿಂದ ನಡುವಿನ 10.9ರವರೆಗೆ ದಶಾಂಶವಾಗಿ ಹಂಚ್ತಾರೆ, ಒಂದೊಂದು ದಶಾಂಶಕ್ಕೂ 0.25 ಮಿ.ಮೀ. 2008ರ ಬೀಜಿಂಗ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಹೊಡೆದ ಕೊನೇ ಗುಂಡು 10.8 ಇತ್ತಲ್ಲ, ಅದು ನಡುವಿಂದ ಅರ್ಧ ಮಿಲಿಮೀಟರ್ ಒಳಗೇ ಬಿದ್ದಿತ್ತು ಅಂತ ಅರ್ಥ. 50 ಮೀಟರ್‌ನಲ್ಲಿ ಹತ್ತರ ವೃತ್ತ 10.4 ಮಿ.ಮೀ., ಅಲ್ಲಿ ಒಂದು ದಶಾಂಶ ಅಂದ್ರೆ 0.8 ಮಿ.ಮೀ. (ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯೋರಿಗೆ ಈ ತಲೆನೋವೇ ಇಲ್ಲ, ಕಾಯಿಗೆ ಬಿತ್ತಾ ಇಲ್ವಾ ಅಷ್ಟೇ ಲೆಕ್ಕ.)

ಈಗ ಕ್ಲಿಕ್ ಅನ್ನು ಮಿಲಿಮೀಟರ್‌ಗೆ ಇಳಿಸ್ಕೊಳ್ಳಿ. ಕೆಲವು ಸೈಟ್‌ಗಳಲ್ಲಿ ಕಾಲು ಮಿನಿಟ್, ಅರೆಕಾಲು ಮಿನಿಟ್ ಅಂತ ಹೇಳ್ತಾರೆ. ಮಿನಿಟ್ ಅಂದ್ರೆ ಇಲ್ಲಿ ಒಂದು ಡಿಗ್ರಿಯ 60ನೇ ಒಂದು ಭಾಗ, 100 ಮೀಟರ್ ದೂರದಲ್ಲಿ ಅದು ಸುಮಾರು 29 ಮಿ.ಮೀ. ಆಗುತ್ತೆ. ಹಾಗಾಗಿ ಕಾಲು ಮಿನಿಟ್ ಕ್ಲಿಕ್ 50 ಮೀಟರ್‌ನಲ್ಲಿ 3.6 ಮಿ.ಮೀ., 10 ಮೀಟರ್‌ನಲ್ಲಿ 0.73. ಅರೆಕಾಲು ಮಿನಿಟ್ ಆದ್ರೆ ಸರಿಯಾಗಿ ಅದರರ್ಧ. ಮಿನಿಟ್ ಲೆಕ್ಕ ಕೊಡದೇ ಇರೋ ಸೈಟ್‌ಗೆ ಇನ್ನೊಂದು ದಾರಿ ಇದೆ: ಒಂದು ಕ್ಲಿಕ್‌ಗೆ ಹಿಂದಿನ ಸೈಟ್ ಎಷ್ಟು ಸರಿಯುತ್ತೋ ಅದನ್ನ ಟಾರ್ಗೆಟ್ ದೂರದಿಂದ ಗುಣಿಸಿ, ಹಿಂದಿನ ಸೈಟಿಂದ ಮುಂದಿನ ಸೈಟ್‌ವರೆಗಿನ ದೂರದಿಂದ ಭಾಗಿಸಿ. 0.02 ಮಿ.ಮೀ. ಸರಿಯೋ ಸೈಟ್, ಎರಡು ಸೈಟ್ ನಡುವೆ 800 ಮಿ.ಮೀ. ಅಂತಿಟ್ಕೊಳ್ಳಿ, 10 ಮೀಟರ್‌ಗೆ 0.25 ಮಿ.ಮೀ. ಬರುತ್ತೆ, ಹೆಚ್ಚುಕಮ್ಮಿ ಇಲ್ದೆ ಒಂದು ದಶಾಂಶ. ಅದೇ ರೈಫಲ್‌ಗೆ ಬ್ಯಾರಲ್ ಮುಂದೆ 15 ಸೆಂ.ಮೀ. ಟ್ಯೂಬ್ ಹಾಕಿ ಮುಂದಿನ ಸೈಟ್‌ನ ಅದರ ತುದಿಗೆ ಒಯ್ದ್ರೆ ಅದೇ ಕ್ಲಿಕ್ 0.21ಕ್ಕೆ ಇಳಿಯುತ್ತೆ, ಸೈಟ್ ಬದಲಾಯಿಸ್ಲೇ ಇಲ್ಲ ಆದ್ರೂ ಕ್ಲಿಕ್ ಸಣ್ಣದಾಯ್ತು. ಬೇರೆಯವ್ರ ರೈಫಲ್‌ನ ಕ್ಲಿಕ್ ಲೆಕ್ಕ ನಿಮಗೆ ಹೊಂದ್ಬೇಕು ಅಂತಿಲ್ಲ ಅಂತ ಹೇಳೋದು ಇದಕ್ಕೇ.

ಮೂರನೇದು ನಿಮ್ಮ ಗ್ರೂಪ್, ಎಲ್ಲರೂ ಮರೆಯೋದು ಇದನ್ನೇ. ಸೈಟ್ ಮುಟ್ಟದೆ ಹತ್ತು ಗುಂಡು ಹೊಡೀರಿ, ಅತೀ ದೂರದ ಎರಡು ಗುಂಡುಗಳ ನಡುವೆ ಎಷ್ಟಿದೆ ಅಂತ ಅಳೀರಿ, ಒಳ್ಳೇ ದಿನದ್ದನ್ನ ಮಾತ್ರ ಆರಿಸ್ಕೋಬೇಡಿ. ನಾನಿಟ್ಕೊಂಡಿರೋ ಅಂದಾಜು ಏನಂದ್ರೆ ಒಂದು ಕ್ಲಿಕ್ ಆ ಅಗಲದ ಕಾಲುಭಾಗಕ್ಕಿಂತ ದೊಡ್ಡದಿರ್ಬಾರ್ದು, ಹತ್ತನೇ ಒಂದು ಭಾಗಕ್ಕಿಂತ ಸಣ್ಣದಾಗಿ ಪ್ರಯೋಜನವೂ ಇಲ್ಲ. 10 ಮೀಟರ್‌ನಲ್ಲಿ ಗ್ರೂಪ್ 8 ಮಿ.ಮೀ. ಇದೆ ಅಂದ್ರೆ 0.73ರ ಕ್ಲಿಕ್ ಧಾರಾಳ ಸಾಕು, ಯಾಕಂದ್ರೆ ಐದೈದು ಗುಂಡಿನ ಎರಡು ಗ್ರೂಪ್ ಹೊಡೆದ್ರೆ ಅವುಗಳ ನಡುಬಿಂದುವೇ ಒಂದು ಮಿಲಿಮೀಟರ್ ಆಚೀಚೆ ಆಗುತ್ತೆ, ಅಂಥದ್ರಲ್ಲಿ ಕಾಲು ಮಿಲಿಮೀಟರ್ ಕ್ಲಿಕ್ ಇಟ್ಕೊಂಡು ಒಂದೊಂದು ಗುಂಡಿಗೂ ನಾಬ್ ತಿರುಗಿಸ್ತಾ ಕೂತ್ರೆ ಸೈಟ್ ಗುಂಡಿನ ಹಿಂದೆ ಓಡಾಡುತ್ತೆ ಹೊರತು ಝೀರೋ (ಗುರಿಯಿಟ್ಟಲ್ಲೇ ಗುಂಡು ಬೀಳೋ ಸೆಟ್ಟಿಂಗ್) ಸಿಗಲ್ಲ. 60 ಗುಂಡಿಗೆ 620 ದಾಟೋ ಶೂಟರ್ ಬೇರೆ ಮಾತು, ಸರಾಸರಿ 10.3 ಅಂದ್ರೆ ನಡುವಿಂದ ಒಂದೂವರೆ ಮಿ.ಮೀ. ಸುಮಾರು, ಅವ್ರಿಗೆ 0.73 ದಪ್ಪ ಆಯ್ತು, 0.36 ಅಥವಾ ಅದಕ್ಕೂ ಸಣ್ಣದು ಬೇಕು.

ಯಾವ ಮ್ಯಾಚ್ ಆಡ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಏರ್ ರೈಫಲ್‌ನಲ್ಲಿ ಅರ್ಹತಾ ಸುತ್ತಿನಿಂದಲೇ ದಶಾಂಶ ಎಣಿಸ್ತಾರೆ. 50 ಮೀಟರ್ ತ್ರೀ ಪೊಸಿಶನ್‌ನಲ್ಲಿ ಹಾಗಲ್ಲ, ಅರ್ಹತಾ ಸುತ್ತಿನಲ್ಲಿ ಪೂರ್ಣಾಂಕ, 10.0 ಆದ್ರೂ ಹತ್ತೇ 10.9 ಆದ್ರೂ ಹತ್ತೇ, ಫೈನಲ್‌ನಲ್ಲಿ ಮಾತ್ರ ದಶಾಂಶ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 590 ಹೊಡೆದು ಫೈನಲ್‌ಗೆ ಬಂದು 451.4ಕ್ಕೆ ಕಂಚು ಗೆದ್ದದ್ದು ಇದೇ ಈವೆಂಟ್‌ನಲ್ಲಿ. ಔಟ್‌ಡೋರ್ ರೇಂಜ್‌ನಲ್ಲಿ ಗಾಳಿ ಬೇರೆ, ಗಾಳಿ ತೋರಿಸೋ ಬಾವುಟ ತಿರುಗಿದ ತಕ್ಷಣ ಎರಡು ಕ್ಲಿಕ್ ಹಾಕಿ ಹೊಡೆಯೋದು ಸುಲಭ, ಏಳು ಕ್ಲಿಕ್ ಎಣಿಸಿ ಆಮೇಲೆ ಏಳನ್ನೂ ವಾಪಸ್ ತರೋದು ಕಷ್ಟ. ಮಂಡಿಯೂರಿ, ಮಲಗಿ, ನಿಂತು ಅಂತ ಪೊಸಿಶನ್ ಬದಲಾದಾಗ್ಲೂ ಝೀರೋ ಸರಿಯುತ್ತೆ, ಅದನ್ನ ಬರೆದಿಟ್ಕೊಂಡು ಎಣಿಸ್ಬೇಕು. ಅದಕ್ಕೇ 50 ಮೀಟರ್‌ಗೆ ಒಂದು ಕ್ಲಿಕ್ ಒಂದೂವರೆಯಿಂದ ಎರಡೂವರೆ ಮಿ.ಮೀ. ಇದ್ರೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಗಾಳಿನೇ ಇಲ್ಲದ 10 ಮೀಟರ್ ಹಾಲ್‌ನಲ್ಲಿ ಸಣ್ಣ ಕ್ಲಿಕ್ ಇದ್ರೂ ತೊಂದ್ರೆ ಇಲ್ಲ.

ನಾಬ್ ಮೇಲಿನ ಅಕ್ಷರ ನೋಡಿ ಮೋಸಹೋಗ್ಬೇಡಿ. ಜರ್ಮನ್ ಡಯಾಪ್ಟರ್‌ಗಳಲ್ಲಿ ಎಚ್ (ಮೇಲೆ), ಟಿ (ಕೆಳಗೆ), ಆರ್ (ಬಲ), ಎಲ್ (ಎಡ) ಅಂತಿರುತ್ತೆ, ಸಾಮಾನ್ಯವಾಗಿ ಅದು ಗುಂಡು ಎಲ್ಲಿ ಬಿದ್ದಿದೆ ಅನ್ನೋದಕ್ಕೆ. ಮೇಲೆ ಬಿದ್ದಿದ್ರೆ ಎಚ್ ಕಡೆ ತಿರುಗಿಸಿದ್ರೆ ಕೆಳಗಿಳಿಯುತ್ತೆ. ಅಪ್ ಅಂತ ಬರೆದಿರೋದ್ರಲ್ಲಿ ಅದಕ್ಕೆ ಉಲ್ಟಾ, ಆ ಕಡೆ ತಿರುಗಿಸಿದ್ರೆ ಗುಂಡು ಮೇಲಕ್ಕೆ ಹೋಗುತ್ತೆ.

ಕೊನೇದಾಗಿ ಸೈಟ್ ಹೇಳಿದ್ದನ್ನ ಮಾಡುತ್ತಾ ಅಂತ ಪರೀಕ್ಷೆ, ಸೆಕೆಂಡ್ ಹ್ಯಾಂಡ್ ಆದ್ರಂತೂ ಮಾಡ್ಲೇಬೇಕು. ರೈಫಲ್‌ನ ಮರಳುಚೀಲದ ಮೇಲಿಟ್ಟು ಐದು ಗುಂಡು ಹೊಡೀರಿ, ಬಲಕ್ಕೆ 20 ಕ್ಲಿಕ್ ಹಾಕಿ ಮತ್ತೆ ಐದು, ಕೆಳಗೆ 20 ಹಾಕಿ ಐದು, ಎಡಕ್ಕೆ 20 ಐದು, ಮೇಲಕ್ಕೆ 20 ಹಾಕಿ ಐದು. ಕೊನೇ ಐದು ಮೊದಲ ಐದರ ಮೇಲೇ ಕೂರ್ಬೇಕು, ಚೌಕದ ಬದಿ ನಿಮ್ಮ ಲೆಕ್ಕದ ಜೊತೆ ತಾಳೆಯಾಗ್ಬೇಕು: 0.36ರ ಕ್ಲಿಕ್ ಆದ್ರೆ ಏಳು ಮಿ.ಮೀ. ಚಿಲ್ಲರೆ. ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಕ್ಲಿಕ್ ಶಬ್ದ ಮಾತ್ರ ಬಂದು ಗುಂಡು ಜರುಗದಿದ್ರೆ ತಿರುಪು ಸವೆದಿದೆ ಅಂತ. ಸ್ವಲ್ಪವೇ ಸವೆದಿದ್ರೆ ನಾಲ್ಕೈದು ಕ್ಲಿಕ್ ದಾಟಿಸಿ ಯಾವಾಗ್ಲೂ ಒಂದೇ ಕಡೆಯಿಂದ ವಾಪಸ್ ಬಂದು ನಿಲ್ಲಿಸಿದ್ರೆ ಕೆಲಸ ನಡೆಯುತ್ತೆ, ಆದ್ರೆ ಚೌಕವೇ ಮುಚ್ಚದೇ ಇರೋ ಸೈಟ್ ಎಷ್ಟು ಅಗ್ಗಕ್ಕೆ ಸಿಕ್ಕಿದ್ರೂ ವಾಪಸ್ ಕೊಟ್ಬಿಡಿ.