ಎರೆ ಹೊಲದ ಏರುಮಡಿ: ಜೂನಿನ ಸಾಲು ಅಕ್ಟೋಬರಿಗೆ ಉಳಿಯದು

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ನಮ್ಮದು ನಾಲ್ಕೆಕರೆ ಎರೆ ಹೊಲ, ಅಂದರೆ ಕಪ್ಪು ಜಿಗುಟು ಮಣ್ಣಿನದು. 2020ರ ಅಕ್ಟೋಬರಿನಲ್ಲಿ, ಭೀಮಾ ಉಕ್ಕಿದ ಆ ವಾರವೇ, ಹೂವಿಗೆ ಬಂದಿದ್ದ ತೊಗರಿ ಐದು ದಿನ ನೀರಲ್ಲಿ ನಿಂತು ಒಣಗಿತು. ನೀರಲ್ಲಿದ್ದ ಗಿಡ ಒಣಗಿತೆಂದರೆ ಪೇಟೆಯವರು ನಗುತ್ತಾರೆ. ಬೇರಿಗೆ ಗಾಳಿ ಸಿಗದಿದ್ದರೆ ಆಗುವುದೇ ಅದು. ಮರುವರ್ಷ ಏರುಮಡಿ ಹೊಡೆಸಿದೆ: ಬೆಳೆಗೆ ಎತ್ತರದ ಮಡಿ, ನಡುನಡುವೆ ನೀರು ಹರಿದುಹೋಗಲು ತಗ್ಗಿನ ಸಾಲು.

ಅಳತೆ ನನ್ನದಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಎರೆ ಭೂಮಿಗೆಂದು ರೂಪಿಸಿದ್ದು: ಸುಮಾರು 1 ಮೀಟರ್ ಅಗಲದ ಮಡಿ, ಅರ್ಧ ಮೀಟರ್ ಅಗಲದ ಸಾಲು, 15 ಸೆಂ.ಮೀ. ಆಳ. ಟ್ರ್ಯಾಕ್ಟರ್ ಗಾಲಿ ಸಾಲಿನಲ್ಲೇ ಓಡುತ್ತದೆ, ಮಡಿ ತುಳಿಯುವುದಿಲ್ಲ.

ನಾನು ಎಡವಿದ್ದು ದಿಕ್ಕಿನಲ್ಲಿ. ಟ್ರ್ಯಾಕ್ಟರ್ ತಿರುಗುವ ಖರ್ಚು ಉಳಿಯಲೆಂದು ಹೊಲದ ಉದ್ದಕ್ಕೆ ಹೊಡೆಸಿದೆ. ನಡುವೆ ತಗ್ಗಿತ್ತು, ನೀರೆಲ್ಲ ಅಲ್ಲೇ ಕೂತಿತು. ಕಾಕಾ ಬದುವಿನ ಮೇಲೆ ನಿಂತು, "ತಮ್ಮಾ, ತೊಗರಿ ಬಿತ್ತೀಯೋ, ಮೀನ ಸಾಕ್ತೀಯೋ?" ಅಂದರು. ಮುಂದಿನ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆ. ನೂರಡಿಗೆ ಅರ್ಧ ಅಡಿ ಇಳಿಜಾರು ಸಿಗುವಂತೆ ಸಾಲು ಓರೆಯಾಗಿ ಬಂತು. ನೋಡಲು ಚೆಂದವಿಲ್ಲ, ಆದರೆ ನೀರು ನಡೆಯಿತು.

ಇನ್ನೊಂದು ವಿಷಯ ತಿಳಿಯಲು ಎರಡು ಮಳೆಗಾಲ ಬೇಕಾಯಿತು. ಬೇಸಿಗೆಯಲ್ಲಿ ಎರೆ ಕೈ ಇಳಿಯುವಷ್ಟು ಬಿರಿದಿರುತ್ತದೆ. ಜೂನಿನ ಮಿರಗದ ಮಳೆ ಆ ಬಿರುಕಿನೊಳಗೇ ಮಾಯ. ಸಾಲಿನಲ್ಲಿ ಹನಿ ನೀರು ಹರಿಯುವುದಿಲ್ಲ, ಮಡಿ ಮಾಡಿದ್ದು ದಂಡ ಅನಿಸುತ್ತದೆ. ಹಸಿ ಏರಿದಂತೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಆಮೇಲೆ ನೀರು ಕೆಳಗಿಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಸಾಲು ಬೇಕಾಗುವುದು ಆಗ, ಸೆಪ್ಟೆಂಬರ್-ಅಕ್ಟೋಬರಿನ ಉತ್ತರಿ-ಹಸ್ತಾ ಮಳೆಗೆ. ಅಷ್ಟರಲ್ಲಿ ಹೆಂಟೆ ಕರಗಿ, ಮಡಿಯ ಅಂಚು ಜಾರಿ, ಸಾಲು ಅರ್ಧ ಹೂತಿರುತ್ತದೆ. ಜೂನಿನಲ್ಲಿ 6 ಇಂಚು ತೋರಿಸಿದ ನನ್ನ ಕೋಲು ಸೆಪ್ಟೆಂಬರಿನಲ್ಲಿ 3 ಇಂಚಿಗೆ ನಿಂತಿತು.

ಹಾಗಾಗಿ ಈಗ ಹೊಲವನ್ನು ಪೂರ್ತಿ ರಂಟೆ ಹೊಡೆಯುವುದನ್ನೇ ಬಿಟ್ಟಿದ್ದೇನೆ. ಮಡಿ ಹಾಗೇ ಇರುತ್ತದೆ. ಬಿತ್ತುವ ಮೊದಲು ಒಮ್ಮೆ, ಹೆಸರುಕಾಳಿನ ಬೆಳೆ ಕಿತ್ತ ಮೇಲೆ ಇನ್ನೊಮ್ಮೆ ಸಾಲು ಎತ್ತಿಸುತ್ತೇನೆ. ಎರಡನೆಯದು ತಪ್ಪಿದರೆ ಮೊದಲಿನದು ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಮೂರನೇ ವರ್ಷಕ್ಕೆ ಮಡಿಯ ಮಣ್ಣು ಕೈಯಲ್ಲಿ ಹುಡಿಯಾಗುತ್ತಿತ್ತು. ಸಾಲಿನ ತಳ ಬಂಡಿದಾರಿಯಂತೆ ಗಟ್ಟಿ. ಮೊದಲು ಹೆದರಿದೆ, ಆಮೇಲೆ ನೋಡಿದರೆ ಗಟ್ಟಿ ತಳದ ಮೇಲೆ ನೀರು ಇನ್ನೂ ಸಲೀಸಾಗಿ ಹೋಗುತ್ತಿದೆ.

ಹೋಗುವುದೆಲ್ಲಿಗೆ? ಕೆಳಗಿನ ಹೊಲದವರೊಂದಿಗೆ ಒಂದು ಮಳೆಗಾಲ ಮಾತೇ ನಿಂತಿತ್ತು. ಈಗ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸಿದ್ದೇನೆ, ಅದರ ದಾರಿಗೆ ಹುಲ್ಲು ಬಿಟ್ಟಿದ್ದೇನೆ. ಪ್ರತಿ ಏಪ್ರಿಲ್‌ನಲ್ಲಿ ಹೊಂಡದ ತಳದ ಹೂಳು ತೆಗೆದು, ಅದು ಬಂದ ಮಡಿಗಳಿಗೇ ಹಾಕುತ್ತೇವೆ.