ಗೋಡೆಯ ಹುಂಜವನ್ನು ಕಾಗದಕ್ಕೆ ಇಳಿಸುವುದು: ಎರಡೇ ಬಣ್ಣದ ಪೋಸ್ಟರ್

ಬೋರ್ಡ್ ಬರೆಯುವ ಹಿರಿಯರೊಬ್ಬರು ಗೋಡೆಯ ಮೇಲೆ ಒಂದು ಹುಂಜ ಬರೆದಿದ್ದರು. ನನಗೆ ಅದು ಎಷ್ಟು ಹಿಡಿಸಿತು ಅಂದರೆ, ಪೋಸ್ಟರ್ ಮಾಡಲೇಬೇಕು ಅನ್ನಿಸಿತು. ಅವರೂ ಒಪ್ಪಿದರು. ಫೋಟೋ ತೆಗೆದೆ. ಇಲ್ಲಸ್ಟ್ರೇಟರ್ ಅನ್ನುವ ತಂತ್ರಾಂಶದಲ್ಲಿ ಪೆನ್ ಟೂಲ್ ಹಿಡಿದು ಒಂದೊಂದು ಗೆರೆಯನ್ನೂ ನುಣ್ಣಗೆ ಮಾಡಿದೆ. ಒಂಬತ್ತು ಬಣ್ಣ ತುಂಬಿದೆ. ಜಾಲರಿಯ ಸ್ಕ್ರೀನ್ ಮೂಲಕ ಇಂಕು ಒತ್ತಿ ಸ್ಕ್ರೀನ್ ಪ್ರಿಂಟ್ ಮಾಡುವವರು ಫೈಲ್ ನೋಡಿ, "ಒಂಬತ್ತು ಸ್ಕ್ರೀನಾ?" ಅಂತ ಕೇಳಿ ಸುಮ್ಮನಾದರು. ಕೊನೆಗೆ ಡಿಜಿಟಲ್ ಪ್ರಿಂಟ್ ತೆಗೆಸಿ ಹಿರಿಯರ ಮುಂದೆ ಹಿಡಿದೆ. ಅವರು ತುಂಬಾ ಹೊತ್ತು ನೋಡಿದರು. "ನೋಡಮ್ಮ, ಹುಂಜ ನಂದೇ. ಕೈ ನಂದಲ್ಲ" ಅಂದರು.

ಎರಡನೇ ಸಲ ನಾವಿಬ್ಬರೂ ಸೇರಿ ಎರಡೇ ಬಣ್ಣದಲ್ಲಿ ಮಾಡಿದೆವು. ಆ ಕೆಲಸವನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮ ಸುತ್ತಮುತ್ತ ಯಾರು ಏನು ಬರೆಯುತ್ತಾರೋ, ಅದಕ್ಕೆ ಹೊಂದಿಸಿಕೊಳ್ಳಿ.

ಎರಡೇ ಬಣ್ಣ ಯಾಕೆ? ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಒಂದು ಸುತ್ತು ಅಚ್ಚು. ಬಣ್ಣ ಜಾಸ್ತಿ ಆದಷ್ಟೂ ಒಂದರ ಮೇಲೊಂದು ಕೂರಿಸುವ ಕಷ್ಟ ಜಾಸ್ತಿ. ಇದು ಒಂದು ಕಾರಣ ಅಷ್ಟೇ. ಬಣ್ಣ ಕಡಿಮೆ ಇದ್ದಾಗ ಗೆರೆಗೆ ಅಡಗಿಕೊಳ್ಳಲು ಜಾಗ ಇರುವುದಿಲ್ಲ, ಬರೆದವರ ಕೈ ಎದ್ದು ಕಾಣುತ್ತದೆ. ಮೆಕ್ಸಿಕೋದ ಹೊಸೆ ಗುವಾಡಲೂಪೆ ಪೊಸಾಡ (1852–1913) ಬೀದಿಯಲ್ಲಿ ಮಾರುವ ಅಗ್ಗದ ಹಾಳೆಗಳಿಗೆ ನಗುವ ಅಸ್ಥಿಪಂಜರಗಳನ್ನು ಬರೆದುಕೊಟ್ಟ. ಎಷ್ಟೋ ಹಾಳೆಗಳಿಗೆ ಕಪ್ಪು ಒಂದೇ ಬಣ್ಣ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಕೊರ್ದೆಲ್ ಪುಸ್ತಿಕೆಗಳಿವೆ. ಅವುಗಳ ಹೊದಿಕೆಗೆ ಮರದ ಅಚ್ಚಿನ ಚಿತ್ರ, ಅದೂ ಹೆಚ್ಚಾಗಿ ಒಂದೇ ಬಣ್ಣದಲ್ಲಿ. ಇವನ್ನು ನೋಡಿದ ಮೇಲೆ ನನ್ನ ಒಂಬತ್ತು ಬಣ್ಣದ ಫೈಲನ್ನು ಡಿಲೀಟ್ ಮಾಡಿದೆ.

ಮೊದಲು ಮಾತು, ಆಮೇಲೆ ಕ್ಯಾಮೆರಾ

ಕಲಾವಿದರ ಹತ್ತಿರ ಹೋದ ಕೂಡಲೇ ಫೋನ್ ತೆಗೆಯಬೇಡಿ. ಕೂತು ಮಾತಾಡಿ. ಈ ಚಿತ್ರ ಏನು, ಯಾವಾಗ ಬರೆಯುತ್ತಾರೆ, ಯಾರಿಂದ ಕಲಿತರು ಅಂತ ಕೇಳಿ. ಕೆಲವು ಚಿತ್ರಗಳು ಪೂಜೆಗೋ ಮನೆಯ ಶುಭ ಕಾರ್ಯಕ್ಕೋ ಸೇರಿದವು. ಅವನ್ನು ಪೋಸ್ಟರ್ ಮಾಡಿ ಮಾರುವುದು ಅವರಿಗೆ ಇಷ್ಟ ಆಗದೆ ಇರಬಹುದು. ಬೇಡ ಅಂದರೆ ಬೇಡ, ಬೇರೆ ಚಿತ್ರ ಕೇಳಿ.

ಒಪ್ಪಿದರೆ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಪ್ರತಿ, ದುಡ್ಡಿನಲ್ಲಿ ಯಾರಿಗೆ ಎಷ್ಟು ಪಾಲು, ಅವರ ಹೆಸರು ಪೋಸ್ಟರ್‌ನಲ್ಲಿ ಎಲ್ಲಿ ಬರಬೇಕು, ಇದೇ ಚಿತ್ರ ನಾಳೆ ಟೀ ಶರ್ಟ್ ಮೇಲೆ ಹೋಗಬಹುದಾ ಇಲ್ಲವಾ. ಡಿಸೈನರ್‌ಗಳಾದ ನಾವು ಬರೀ "ಜಾನಪದ ಕಲೆಯಿಂದ ಪ್ರೇರಿತ" ಅಂತ ಕೆಳಗೆ ಸಣ್ಣಕ್ಷರ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಬರೆದವರಿಗೆ ಹೆಸರಿದೆ ಅಲ್ವಾ? ಅದನ್ನೇ ಹಾಕಿ.

ಬಣ್ಣಗಳನ್ನು ಕೈಯಲ್ಲೇ ಬೇರೆ ಮಾಡಿಸಿ

ಇಡೀ ಕೆಲಸದ ಗುಟ್ಟು ಇದರಲ್ಲೇ ಇದೆ, ಹಾಗಾಗಿ ಇಲ್ಲಿ ಆತುರ ಪಡಬೇಡಿ.

ಗೋಡೆಯ ಫೋಟೋದಿಂದ ಕೆಲಸ ಶುರು ಮಾಡಬೇಡಿ. ಕಲಾವಿದರ ಕೈಲೇ ಹೊಸದಾಗಿ ಬರೆಸಿ. ಅವರಿಗೆ ರೂಢಿ ಇರುವ ಬ್ರಷ್, ಕಪ್ಪು ಇಂಕು, ದಪ್ಪ ಬಿಳಿ ಹಾಳೆ ಸಾಕು. ಪೋಸ್ಟರ್ ಎ3, ಅಂದರೆ 297 × 420 ಮಿಲಿಮೀಟರ್ ಆದರೆ, ಚಿತ್ರ ಎ2ರಲ್ಲಿ ಇರಲಿ. ಗೋಡೆಗೆ ಬರೆದು ಅಭ್ಯಾಸ ಆದವರಿಗೆ ಸಣ್ಣ ಹಾಳೆ ಕೊಟ್ಟರೆ ಕೈ ಬಿಗಿಯುತ್ತದೆ. ಎ ಅಳತೆಗಳಲ್ಲೆಲ್ಲ ಅಗಲ ಮತ್ತು ಉದ್ದದ ಲೆಕ್ಕ ಒಂದೇ, ಸುಮಾರು 1:1.414. ಹಾಗಾಗಿ ಎ2ರಿಂದ ಎ3ಗೆ ಇಳಿಸುವಾಗ ಯಾವ ಅಂಚೂ ಕತ್ತರಿಸಬೇಕಾಗುವುದಿಲ್ಲ.

ಹಾಳೆಯ ನಾಲ್ಕು ಮೂಲೆಯಲ್ಲಿ ಒಂದೊಂದು ಪ್ಲಸ್ ಗುರುತು ಹಾಕಿ. ಮೊದಲ ಹಾಳೆಯಲ್ಲಿ ಗೆರೆಯ ಚಿತ್ರ. ಅದು ಒಣಗಿದ ಮೇಲೆ ಟ್ರೇಸಿಂಗ್ ಪೇಪರ್ ಹೊದಿಸಿ ಟೇಪ್ ಅಂಟಿಸಿ, ಅದೇ ನಾಲ್ಕು ಗುರುತುಗಳನ್ನು ಮೇಲೆ ಎಳೆಯಿರಿ. ಈಗ ಕೇಳಿ: "ಕೆಂಪು ಎಲ್ಲೆಲ್ಲಿ ಬರಬೇಕೋ ಅಲ್ಲಿ ಮಾತ್ರ ತುಂಬಿ." ಇದನ್ನೂ ಕಪ್ಪು ಇಂಕಿನಲ್ಲೇ ತುಂಬಬೇಕು. ನಮ್ಮ ಹಿರಿಯರಿಗೆ ಇದು ಮೊದಲು ತಮಾಷೆಯಾಗಿ ಕಂಡಿತು. "ಕರಿ ಬಳಿದು ಕೆಂಪು ಅಂತೀಯಲ್ಲ" ಅಂದರು. ಪ್ರತಿ ಬಣ್ಣಕ್ಕೂ ಒಂದು ಕಪ್ಪು ಹಾಳೆ ಬೇಕಾಗುವುದು ಯಾಕೆ ಅಂತ ಸ್ಕ್ರೀನ್ ತೋರಿಸಿ ವಿವರಿಸಿದೆ. ಆಮೇಲೆ ನನಗಿಂತ ಮುಂದೆ ಹೋದರು. ಜುಟ್ಟಿನ ಕೆಂಪನ್ನು ಗೆರೆಯ ಆಚೆಗೆ ಸ್ವಲ್ಪ ಚೆಲ್ಲಿದ ಹಾಗೆ ಬಿಟ್ಟರು. ಬಾಲದ ಒಂದು ಗರಿಗೆ ಗೆರೆಯೇ ಇಲ್ಲ, ಬರೀ ಕೆಂಪಿನ ಒಂದು ಬೀಸು. ಕಂಪ್ಯೂಟರ್ ಮುಂದೆ ಕೂತಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಎರಡೂ ಹಾಳೆಗಳನ್ನು 600 ಡಿಪಿಐನಲ್ಲಿ ಗ್ರೇಸ್ಕೇಲ್ ಆಗಿ ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಸಣ್ಣದಾದರೆ ತುಂಡು ತುಂಡಾಗಿ ಮಾಡಿ ಜೋಡಿಸಿ. ಫೋಟೋಶಾಪ್‌ನಲ್ಲಿ ಥ್ರೆಶೋಲ್ಡ್ ಹಾಕಿ ಶುದ್ಧ ಕಪ್ಪು ಬಿಳುಪು ಮಾಡಿ. ಉಚಿತವಾದ ಗಿಂಪ್‌ನಲ್ಲೂ ಇದು ಆಗುತ್ತದೆ. ಧೂಳಿನ ಚುಕ್ಕಿ ಅಳಿಸಿ, ಅಲ್ಲಿಗೆ ನಿಲ್ಲಿಸಿ. ಗೆರೆಯನ್ನು ತಂತ್ರಾಂಶವೇ ಮತ್ತೆ ಎಳೆಯುವ ಆಟೋ ಟ್ರೇಸ್ ಬೇಡ, ಸ್ಮೂತ್ ಟೂಲ್ ಬೇಡ. ಬ್ರಷ್ ಒಣಗಿ ಗೆರೆ ಹರಿದಂತೆ ಆಗಿರುವ ಜಾಗ ಇರುತ್ತದಲ್ಲ, ಅದನ್ನು ತುಂಬಲು ಕೈ ತುರಿಸುತ್ತದೆ. ಮುಟ್ಟಬೇಡಿ. ಒಂದನ್ನು ಮಾತ್ರ ನೋಡಿಕೊಳ್ಳಿ. ಎ3ಗೆ ಇಳಿಸಿದ ಮೇಲೆ 0.3 ಮಿಲಿಮೀಟರ್‌ಗಿಂತ ತೆಳುವಾದ ಗೆರೆ ಇದ್ದರೆ ಸ್ಕ್ರೀನ್‌ನಲ್ಲಿ ಉಳಿಯುವುದು ಕಷ್ಟ. ಅಂಥ ಗೆರೆಯನ್ನು ಅವರ ಹತ್ತಿರವೇ ದಪ್ಪ ಮಾಡಿಸಿ.

ಬಣ್ಣ

ಎರಡು ಲೇಯರ್‌ಗೂ ಬಣ್ಣ ಕೊಟ್ಟು, ಮೇಲಿನದನ್ನು ಮಲ್ಟಿಪ್ಲೈ ಮೋಡ್‌ಗೆ ಹಾಕಿದರೆ ಅಚ್ಚಿನ ಅಂದಾಜು ಸಿಗುತ್ತದೆ. ನಾವು ತುಂಬಿದ ಜಾಗಕ್ಕೆ ಕೆಂಪು, ಗೆರೆಗೆ ಕಡು ನೀಲಿ ಆರಿಸಿದೆವು. ಎರಡೂ ಸೇರಿದ ಕಡೆ ಕಪ್ಪಿಗೆ ಹತ್ತಿರದ ಕಂದು ಬಂತು. ಕಾಗದದ ಕೆನೆ ಬಣ್ಣ ಬೇರೆ ಇದೆ. ಎರಡು ಇಂಕಿನಲ್ಲಿ ನಾಲ್ಕು ಬಣ್ಣ! ಇದು ಆಗಬೇಕಾದರೆ ಮೇಲಿನ ಇಂಕು ಸ್ವಲ್ಪ ಪಾರದರ್ಶಕ ಇರಬೇಕು. ಇಂಕಿಗೆ ಟ್ರಾನ್ಸ್‌ಪರೆಂಟ್ ಬೇಸ್, ಅಂದರೆ ಬಣ್ಣವಿಲ್ಲದ ಇಂಕು ಬೆರೆಸಿ.

ಮಾನಿಟರ್ ತೋರಿಸುವುದು ಬೆಳಕಿನ ಬಣ್ಣ. ಇಂಕಿನ ಬಣ್ಣ ಕಾಗದದ ಮೇಲೇ ಗೊತ್ತಾಗಬೇಕು. ಅಚ್ಚು ಹಾಕುವ ಕಾಗದದ ಚೂರಿಗೇ ಬೆರಳಿನಲ್ಲಿ ಇಂಕು ಸವರಿ, ಒಣಗಿಸಿ, ಹಗಲಿನ ಬೆಳಕಿನಲ್ಲಿ ನೋಡಿ. ಕಾಗದ 200ರಿಂದ 300 ಜಿಎಸ್‌ಎಂ (ಚದರ ಮೀಟರ್‌ಗೆ ಅಷ್ಟು ಗ್ರಾಂ ತೂಕ) ಇರಲಿ, ಮಿನುಗುವ ಲೇಪನ ಇಲ್ಲದ್ದು.

ಅಕ್ಷರ

ಚಿತ್ರ ಬರೆದವರೇ ಅಕ್ಷರವನ್ನೂ ಬರೆಯಬಲ್ಲವರಾದರೆ ಫಾಂಟ್ ಹುಡುಕಲು ಹೋಗಬೇಡಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಅಚ್ಚು ಹಾಕಿ; ಅಚ್ಚುಮೊಳೆಯಲ್ಲಲ್ಲ. ಕೈಬರಹ ಮತ್ತು ಅಚ್ಚಿನ ನಂಟು ನಮ್ಮಲ್ಲಿ ಅಷ್ಟು ಹಳೆಯದು.

ಫಾಂಟ್ ಬಳಸುವುದಾದರೆ ನೋಟೋ, ಬಾಲೂ ತಮ್ಮ, ತಿರೋ ಕನ್ನಡ ಉಚಿತವಾಗಿ ಸಿಗುತ್ತವೆ. ಬಾಲೂ ದಪ್ಪ, ಶೀರ್ಷಿಕೆಗೆ ಒಳ್ಳೆಯದು. ಇಂಗ್ಲಿಷ್ ಅಕ್ಷರಕ್ಕೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೆ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. 'ರಾಷ್ಟ್ರ', 'ಸ್ತ್ರೀ' ಬರೆದು ನೋಡಿ, ಎರಡೆರಡು ಒತ್ತು. ಅಕ್ಷರದ ಅಳತೆಯ ಒಂದೂವರೆ ಪಟ್ಟು ಅಂತರದಿಂದ ಶುರು ಮಾಡಿ, ಕಣ್ಣಿಗೆ ಸರಿ ಕಾಣುವವರೆಗೆ ಬದಲಿಸಿ.

ಸಣ್ಣ ಅಕ್ಷರಕ್ಕೆ ಇನ್ನೊಂದು ಅಪಾಯ ಇದೆ. ಇಂಕು ಸ್ವಲ್ಪ ಹರಡಿದರೂ 'ಷ'ದ ಹೊಟ್ಟೆಯ ಸೀಳು ಮುಚ್ಚಿ ಅದು 'ಪ' ಆಗಿ ಕೂರುತ್ತದೆ. 'ಧ'ದ ಅಡಿಯ ಪುಟ್ಟ ಗೆರೆ ಹಾರಿಹೋದರೆ 'ಧನ' ಹೋಗಿ 'ದನ' ಬರುತ್ತದೆ. ಸ್ಕ್ರೀನ್ ಪ್ರಿಂಟ್‌ನಲ್ಲಿ ನಾನು 14 ಪಾಯಿಂಟ್‌ಗಿಂತ ಕೆಳಗೆ ಇಳಿಯುವುದಿಲ್ಲ. ಅಡೋಬಿ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಕಂಡರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ಫೈಲ್ ಬೇರೆಯವರಿಗೆ ಕಳಿಸುವ ಮೊದಲು ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಬರೀ ಆಕಾರಗಳಾಗಿ ಬದಲಿಸಿ. ಇಲ್ಲದಿದ್ದರೆ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಶೀರ್ಷಿಕೆ ಬರೀ ಚೌಕಗಳಾಗಿ ತೆರೆದುಕೊಳ್ಳಬಹುದು.

ಸ್ಕ್ರೀನ್ ಮತ್ತು ಅಚ್ಚು

ಸ್ಕ್ರೀನ್ ಮಾಡಿಸಿಕೊಳ್ಳಬಹುದು. ನೀವೇ ಮಾಡುವುದಾದರೆ, ಕಾಗದದ ಕೆಲಸಕ್ಕೆ ಸೆಂಟಿಮೀಟರ್‌ಗೆ 90ರಿಂದ 120 ಎಳೆ ಇರುವ ಮೆಶ್ (ಸ್ಕ್ರೀನಿನ ಜಾಲರಿ) ಬೇಕು. ಬಟ್ಟೆಗೆ ಬಳಸುವ 43 ಎಳೆಯದರಲ್ಲಿ ಇಂಕು ಜಾಸ್ತಿ ಇಳಿದು ಸಣ್ಣ ಗೆರೆಗಳು ಊದಿಕೊಳ್ಳುತ್ತವೆ. ಮೆಶ್ ಅನ್ನು ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ. ಹಳದಿ ದೀಪದಲ್ಲಿ ಫೋಟೋ ಎಮಲ್ಷನ್ ಅನ್ನುವ ಲೇಪವನ್ನು ತೆಳ್ಳಗೆ ಎಳೆದು ಕತ್ತಲಲ್ಲಿ ಒಣಗಿಸಿ. ಆ ಬಣ್ಣದ ಕಪ್ಪು ಚಿತ್ರ ಮುದ್ರಿಸಿದ ಪಾರದರ್ಶಕ ಫಿಲ್ಮ್ ಅನ್ನು ಅದರ ಮೇಲಿಟ್ಟು ಯುವಿ ಬೆಳಕಿಗೆ ಒಡ್ಡಿ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪಿನ ಕೆಳಗಿನದು ಮೆತ್ತಗೇ ಇದ್ದು ನೀರಿಗೆ ಕರಗಿ ಹೋಗುತ್ತದೆ. ಇಂಕು ಇಳಿಯುವುದು ಆ ದಾರಿಯಲ್ಲಿ.

ಬೆಳಕು ಎಷ್ಟು ಹೊತ್ತು? ದೀಪಕ್ಕೊಂದು ಲೆಕ್ಕ, ಎಮಲ್ಷನ್‌ಗೊಂದು ಲೆಕ್ಕ. ಹಾಗಾಗಿ ಪರೀಕ್ಷೆ ಮಾಡಲೇಬೇಕು. ಸ್ಕ್ರೀನಿನ ಒಂದು ಮೂಲೆಯಲ್ಲಿ ರಟ್ಟು ಮುಚ್ಚಿ, ನಿಮಿಷಕ್ಕೊಮ್ಮೆ ಒಂದಿಂಚು ಸರಿಸುತ್ತಾ ಹೋಗಿ. ತೊಳೆದಾಗ ಯಾವ ಪಟ್ಟಿಯಲ್ಲಿ ಗೆರೆ ಚೆನ್ನಾಗಿ ಬಂತೋ ಅದೇ ನಿಮ್ಮ ಸಮಯ. ಇದನ್ನು ಬಿಟ್ಟು ನಾನು ಅಂದಾಜಿನ ಮೇಲೆ ಮಾಡಿದೆ. ನೀರು ಹಾಕಿದ ಕೂಡಲೇ ಹುಂಜದ ಜುಟ್ಟು ಪೂರ್ತಿ ತೊಳೆದುಹೋಯಿತು.

ಕಾಗದವನ್ನು ಹಿಂದಿನ ದಿನವೇ ಅಚ್ಚು ಹಾಕುವ ಕೋಣೆಯಲ್ಲಿ ಇಡಿ. ತೇವಕ್ಕೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಒಂದು ಮಿಲಿಮೀಟರ್ ವ್ಯತ್ಯಾಸ ಸಾಕು, ಎರಡನೇ ಬಣ್ಣ ಸರಿಯಾಗಿ ಕೂರುವುದಿಲ್ಲ. 50 ಪ್ರತಿ ಬೇಕಾದರೆ 65 ಹಾಳೆ ಇಟ್ಟುಕೊಳ್ಳಿ.

ಸ್ಕ್ರೀನ್ ಕಾಗದಕ್ಕೆ ಅಂಟಿರಬಾರದು. ನಡುವೆ 2–3 ಮಿಲಿಮೀಟರ್ ಸಂದು ಬೇಕು. ಮೊದಲು ಸ್ಕ್ರೀನನ್ನು ಸ್ವಲ್ಪ ಎತ್ತಿ, ಒತ್ತದೆ ಇಂಕನ್ನು ಮೆಶ್ ತುಂಬಾ ಹರಡಿ. ಆಮೇಲೆ ಇಳಿಸಿ, ಸ್ಕ್ವೀಜಿಯನ್ನು (ಇಂಕು ಎಳೆಯುವ ರಬ್ಬರ್ ಪಟ್ಟಿ) ಓರೆ ಹಿಡಿದು ಒಂದೇ ಉಸಿರಿನಲ್ಲಿ ಎಳೆಯಿರಿ. ಮಧ್ಯದಲ್ಲಿ ನಿಂತರೆ ಅಲ್ಲೊಂದು ಪಟ್ಟೆ ಬೀಳುತ್ತದೆ. ನೀರಿನ ಇಂಕು ಮೆಶ್‌ನಲ್ಲೇ ಬೇಗ ಒಣಗುತ್ತದೆ. ಹಾಗಾಗಿ ನಡುವೆ ಫೋನ್ ಬಂದರೂ ಎತ್ತಬೇಡಿ.

ಮೊದಲು ತಿಳಿ ಬಣ್ಣ. ಎಲ್ಲ ಹಾಳೆಗೂ ಕೆಂಪು ಮುಗಿಸಿ ಒಣಗಿಸಿ, ಆಮೇಲೆ ನೀಲಿಗೆ ಬನ್ನಿ. ಎರಡನೇ ಬಣ್ಣ ಕೂರಿಸಲು ಸುಲಭ ಉಪಾಯ ಇದೆ. ಒಂದು ಪಾರದರ್ಶಕ ಹಾಳೆಯ ಒಂದು ಅಂಚನ್ನು ಮೇಜಿಗೆ ಟೇಪ್ ಮಾಡಿ, ನೀಲಿಯನ್ನು ಅದರ ಮೇಲೆ ಅಚ್ಚು ಹಾಕಿ. ಕೆಂಪು ಬಿದ್ದ ಕಾಗದವನ್ನು ಅದರ ಕೆಳಗೆ ತೂರಿಸಿ, ಮೂಲೆಯ ಗುರುತುಗಳು ಕೂಡುವವರೆಗೆ ಸರಿಸಿ. ಕೂಡಿದ ಮೇಲೆ ಕಾಗದ ಅಲುಗಿಸದೆ ಅದರ ಉದ್ದದ ಬದಿಗೆ ಎರಡು, ಅಗಲದ ಬದಿಗೆ ಒಂದು ರಟ್ಟಿನ ತುಂಡು ಅಂಟಿಸಿ. ಪಾರದರ್ಶಕ ಹಾಳೆ ತೆಗೆದುಬಿಡಿ. ಮುಂದಿನ ಪ್ರತಿ ಕಾಗದವನ್ನೂ ಆ ಮೂರು ತುಂಡಿಗೆ ತಾಗಿಸಿ ಇಟ್ಟರೆ ಆಯಿತು. ಅಷ್ಟಾದರೂ ಕೆಲವು ಪ್ರತಿ ಕೂದಲೆಳೆಯಷ್ಟು ಜಾರುತ್ತವೆ. ಕೆಂಪು ಮೊದಲೇ ಗೆರೆ ದಾಟಿ ಚೆಲ್ಲಿದ್ದರಿಂದ ನಮ್ಮ ಹುಂಜದಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

ಕೆಲಸ ಮುಗಿದ ತಕ್ಷಣ ಸ್ಕ್ರೀನ್ ತೊಳೆಯಿರಿ, ಚಹಾ ಆಮೇಲೆ. ಒಣಗಿದ ಪ್ರತಿಗಳ ಕೆಳಗೆ ಪೆನ್ಸಿಲ್‌ನಲ್ಲಿ 1/50, 2/50 ಅಂತ ಬರೆದು ಇಬ್ಬರೂ ಸಹಿ ಹಾಕಿ. ಮೊದಲ ಪ್ರತಿಗಳು ಬರೆದವರಿಗೆ. ನಮ್ಮ ಹಿರಿಯರು ಒಂದನ್ನು ಎತ್ತಿ, ರೆಕ್ಕೆಯ ಹತ್ತಿರ ಹರಿದ ಗೆರೆಯ ಮೇಲೆ ಹೆಬ್ಬೆರಳಿಟ್ಟು, "ಇಲ್ಲಿ ಬ್ರಷ್ ಒಣಗಿತ್ತು" ಅಂದರು. ಎರಡು ಫಿಲ್ಮ್‌ಗಳೂ ಈಗ ಅವರ ಮನೆಯಲ್ಲೇ ಇವೆ. ಮತ್ತೆ ಅಚ್ಚು ಹಾಕಬೇಕಾದರೆ ನಾನೇ ಹೋಗಿ ಕೇಳಬೇಕು.